ರಾಮ್ಯೊನ್ ಪ್ರಯೋಗ: ಅಂತೂ ಊದದ ನೂಡಲ್ಸ್!

ಅಂತೂ ಇಂತೂ ಕೊನೆಯ ತುತ್ತಿನವರೆಗೂ ನೂಡಲ್ಸ್ ಬಿಗಿಯಾಗಿಯೇ ಉಳಿಯಿತು. ಕೊರಿಯಾದ ಖಾರದ ಇನ್‌ಸ್ಟಂಟ್ ನೂಡಲ್ಸ್ ಶಿನ್ ರಾಮ್ಯೊನ್ ಪೊಟ್ಟಣದ ಲೆಕ್ಕ ನಿಮಗೆಲ್ಲ ಬಾಯಿಪಾಠ: 550 ಮಿಲಿ ನೀರು, ನಾಲ್ಕೂವರೆ ನಿಮಿಷ. ಅದು ಬಿಡಿ. ನನ್ನ ತಕರಾರು ಒಲೆ ಆರಿಸಿದ ಮೇಲಿನದು. ಮೊದಲ ತುತ್ತು ಸೊಗಸು. ಅರ್ಧ ಖಾಲಿಯಾಗುವಷ್ಟರಲ್ಲಿ ಎಳೆಯೆಲ್ಲ ಊದಿಕೊಂಡು ಗಂಜಿ!

ಈ ನೂಡಲ್ಸ್ ಎಣ್ಣೆಯಲ್ಲಿ ಕರಿದದ್ದು ಅಲ್ವಾ? ಕರಿಯುವಾಗ ನೀರು ಆವಿಯಾದ ಜಾಗದಲ್ಲೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತದೆ. ಬೇಗ ಬೇಯುವುದೂ ಅದರಿಂದಲೇ, ಬೇಗ ಮೆತ್ತಗಾಗುವುದೂ ಅದರಿಂದಲೇ. ಬೇಯುವಾಗ ಚಾಪ್‌ಸ್ಟಿಕ್‌ನಲ್ಲಿ ಎತ್ತಿ ಎತ್ತಿ ಗಾಳಿಗೆ ತೋರಿಸುವ ಉಪಾಯವೂ ಆಯಿತು. ಕೈ ನೋವು ಬಂತು, ಅಷ್ಟೇ ಲಾಭ.

ಕಳ್ಳ ಸಿಕ್ಕಿದ್ದು ಪಾತ್ರೆಯಲ್ಲಿ. ದಪ್ಪ ತಳದ ಸ್ಟೀಲ್ ಪಾತ್ರೆ ಒಲೆ ಆರಿಸಿದ ಮೇಲೂ ಬೇಯಿಸುತ್ತಲೇ ಇರುತ್ತದೆ. ಕೊರಿಯಾದ ಸೀರಿಯಲ್‌ಗಳಲ್ಲಿ ಕಾಣುವ ಹಳದಿ ಅಲ್ಯೂಮಿನಿಯಂ ಪಾತ್ರೆ, ಯಾಂಗ್‌ಉನ್ ನೆಂಬಿ, ಬರೀ ಶೋಕಿಗಲ್ಲ. ತೆಳು ತಗಡು. ಬೇಗ ಕಾಯುತ್ತದೆ, ಬೇಗ ಆರುತ್ತದೆ. ಅಲ್ಲಿನವರು ಅದರ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡು, ಸ್ವಲ್ಪ ಸ್ವಲ್ಪ ಎತ್ತಿ ಹಾಕಿ, ಆರಿಸಿ ತಿನ್ನುತ್ತಾರೆ.

ನನಗೆ ನೆಂಬಿ ಕಳಿಸಿದ ಮಹಾಶಯನ ಕಥೆ ಕೇಳಿ. ಮುಚ್ಚಳದ ನಡುವೆ ಆವಿ ಹೋಗಲು ತೂತು! ಸಾರೆಲ್ಲ ಸೋರಿ ತೊಡೆಗೆ ಅಭಿಷೇಕ. ದೂರು ಕೊಟ್ಟರೆ, "ತೂತು ಇದ್ರೇ ಒಳ್ಳೇದು ಸಾರ್, ಉಕ್ಕಲ್ಲ" ಅಂದ. ಬದಲಿಗೆ ಬಂದದ್ದಕ್ಕೆ ಮುಚ್ಚಳ ಸರಿ, ಹಿಡಿ ಅಲ್ಲಾಡುತ್ತದೆ. ಸಾಕಪ್ಪಾ ಅಂತ ಸುಮ್ಮನಾದೆ.

ಈಗ ಮೂರೂವರೆ ನಿಮಿಷಕ್ಕೇ ಒಲೆ ಆಫ್. ಉಳಿದದ್ದನ್ನು ಸಾರಿನ ಬಿಸಿಯೇ ನೋಡಿಕೊಳ್ಳುತ್ತದೆ. ಮುಚ್ಚಳದ ಮೇಲೆ ಹಾಕಿಕೊಂಡ ಎಳೆಯನ್ನು ಕಚ್ಚಿದರೆ ಹಲ್ಲಿಗೆ ಸ್ವಲ್ಪ ತಡೆ ಸಿಗಬೇಕು. ಮೊಟ್ಟೆ ಒಡೆದು ಹಾಕಿ, ಆದರೆ ಕಲಕಬೇಡಿ, ಸಾರು ಮಂದವಾಗುತ್ತದೆ (ಇದಕ್ಕೆ ಜಗಳ ಆಡುವವರು ಇದ್ದಾರೆ, ಗೊತ್ತು). ಕೊನೆಗೆ ಉಳಿದ ಸಾರಿಗೆ ತಣ್ಣನೆ ಅನ್ನ ಕಲಸಿ ತಿನ್ನುವ ಪದ್ಧತಿಗೆ ಮಾತ್ರ ಕೊರಿಯಾದವರಿಗೆ ಸಾಷ್ಟಾಂಗ.

ಮುಂದಿನದು ಚಾಪಗುರಿ. ಚಾಪಗೆಟ್ಟಿ (ಕಪ್ಪು ಬೀನ್ಸ್ ಸಾಸಿನ ಇನ್‌ಸ್ಟಂಟ್ ನೂಡಲ್ಸ್), ನಿಯೋಗುರಿ (ಸೀಫುಡ್ ರುಚಿಯ ಖಾರದ್ದು) ಎರಡನ್ನೂ ಒಂದೇ ನೆಂಬಿಗೆ ಹಾಕುವುದು. ನಿಯೋಗುರಿಯ ಎಳೆ ದಪ್ಪ, ಆದ್ದರಿಂದ ಅದೇ ಮೊದಲು ನೀರಿಗೆ. ಎಷ್ಟು ಹೊತ್ತು ಮೊದಲು ಅನ್ನುವುದೇ ತಲೆನೋವು. ಅದರ ಪೊಟ್ಟಣದಲ್ಲಿ ಬರುವ ಕಡಲಪಾಚಿ ತುಂಡನ್ನು ತಿನ್ನಬೇಕಾ, ಎಸೆಯಬೇಕಾ? ನಾನಂತೂ ತಿನ್ನುವ ಪಕ್ಷ.