ಸೈಕಲ್ ಚೀಲದಲ್ಲಿ ಒಂದೊಂದು ಊರು

ಏಪ್ರಿಲ್ 27 ಇಲ್ಲಿ ರಾಜನ ಹುಟ್ಟುಹಬ್ಬ. ಅಂದು ಇಡೀ ನೆದರ್‌ಲ್ಯಾಂಡ್ಸ್ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಬೀದಿಗೆ ಇಳಿಯುತ್ತದೆ. ಮನೆಯಲ್ಲಿ ಬೇಡವಾದ ಸಾಮಾನನ್ನು ರಸ್ತೆ ಬದಿಯಲ್ಲಿ ಹರಡಿಕೊಂಡು ಮಾರುತ್ತಾರೆ. ಮಕ್ಕಳೇ ಜಾಸ್ತಿ. ಡೆಲ್ಫ್ಟ್‌ಗೆ ಬಂದ ಮೊದಲ ವರ್ಷ ನಾನೂ ಸುಮ್ನೆ ನೋಡಲು ಹೋಗಿದ್ದೆ. ಒಬ್ಬ ಹುಡುಗಿ, ಹತ್ತು ವರ್ಷ ಇರಬಹುದು, ಬಾಳೆಹಣ್ಣಿನ ರಟ್ಟಿನ ಡಬ್ಬದಲ್ಲಿ ಎಲ್‌ಪಿಗಳನ್ನು ನಿಲ್ಲಿಸಿಕೊಂಡು ಕೂತಿದ್ದಳು. ಅವಳ ಅಜ್ಜನವು.

ಜರ್ಮನಿಯ ಬ್ಯಾಂಡ್ ನಾಯಕ ಜೇಮ್ಸ್ ಲಾಸ್ಟ್ ಇಲ್ಲದ ಡಬ್ಬ ಈ ದೇಶದಲ್ಲಿ ಇಲ್ಲ. ಅದಾದ ಮೇಲೆ ಕ್ರಿಸ್ಮಸ್ ಹಾಡುಗಳು, ಮತ್ತೆ ಜೇಮ್ಸ್ ಲಾಸ್ಟ್. ಅದರ ಹಿಂದೆ ಅರ್ಥ್ ಅಂಡ್ ಫೈರ್ ಎಂಬ ತಂಡದ 'ಸಾಂಗ್ ಆಫ್ ದಿ ಮಾರ್ಚಿಂಗ್ ಚಿಲ್ಡ್ರನ್' ಇತ್ತು. ಹೆಸರು ಕೇಳಿರಲಿಲ್ಲ. ಕವರ್ ತಿರುಗಿಸಿದೆ. ಮೂಲೆಯಲ್ಲಿ ನೀಲಿ ಬಾಲ್ ಪೆನ್ನಿನಲ್ಲಿ ಯಾರೋ ಬರೆದಿದ್ದರು: 5-12-71. ಡಿಸೆಂಬರ್ 5 ಇಲ್ಲಿ ಸಿಂಟರ್‌ಕ್ಲಾಸ್ ಹಬ್ಬದ ಸಂಜೆ. ಮನೆಮನೆಯಲ್ಲಿ ಉಡುಗೊರೆ ಕೊಡುವ ದಿನ. ಅಂದರೆ ಯಾರಿಗೋ ಹಬ್ಬಕ್ಕೆ ಸಿಕ್ಕ ರೆಕಾರ್ಡ್ ಇದು. ಆ ಕೈಬರಹ ನೋಡಿಯೇ ಎರಡು ಯೂರೋ ಕೊಟ್ಟೆ. ನನ್ನ ಹತ್ತಿರ ಆಗ ಪ್ಲೇಯರ್ ಕೂಡ ಇರಲಿಲ್ಲ.

ಪ್ಲೇಯರ್ ಇದ್ದದ್ದು ಪಕ್ಕದ ಮನೆಯ ಹಿರಿಯರ ಹತ್ತಿರ. ಬಾಗಿಲು ತಟ್ಟಿ ಕವರ್ ತೋರಿಸಿದಾಗ ಅವರ ಮುಖ ಅರಳಿತು. "ಒಳಗೆ ಬನ್ನಿ, ಶೂ ಬಿಚ್ಚಬೇಡಿ" ಅಂದರು. ರೆಕಾರ್ಡನ್ನು ಎರಡು ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ ಗೀರು ಇದೆಯಾ ನೋಡಿದರು. ಬ್ರಷ್ ಆಡಿಸಿ ಮುಳ್ಳು ಇಳಿಸಿದರು. ಸ್ವಲ್ಪ ಚಟಪಟ ಸದ್ದು. ಆಮೇಲೆ ಕೀಬೋರ್ಡ್ ಎದ್ದಿತು ನೋಡಿ, ನೂರು ಪಿಟೀಲು ಮಂಜಿನ ಆಚೆಯಿಂದ ಕೇಳಿದ ಹಾಗೆ. ಆ ವಾದ್ಯದ ಹೆಸರು ಮೆಲ್ಲೊಟ್ರಾನ್. ಅದರ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು. ಕೀಲಿ ಒತ್ತಿದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಪಿಟೀಲಿನದೋ ಕೊಳಲಿನದೋ ಸ್ವರ ಓಡುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪ್ ಮುಗಿಯುತ್ತದೆ. ಬೆರಳು ಎತ್ತಿ ಮತ್ತೆ ಒತ್ತಬೇಕು. ಆ ಸಂಗೀತ ಅಲೆಅಲೆಯಾಗಿ ಉಸಿರಾಡುವಂತೆ ಕೇಳಿಸುವುದಕ್ಕೆ ಅದೂ ಒಂದು ಕಾರಣ.

"ಇವರು ಎಲ್ಲಿಯವರು ಗೊತ್ತಾ?" ಅಂತ ಕೇಳಿದರು. ಇಂಗ್ಲೆಂಡ್ ಅಂದೆ. ಹಾಡು ಇಂಗ್ಲಿಷಿನಲ್ಲಿತ್ತಲ್ಲ. ಅವರು ಕಿಟಕಿಯಾಚೆ ಕೈ ತೋರಿಸಿದರು. "ಫೋರ್‌ಸ್ಕೋಟೆನ್. ಡೆನ್ ಹಾಗ್ ದಾಟಿದರೆ ಸಿಗುತ್ತೆ. ಸೈಕಲ್‌ನಲ್ಲಿ ಹೋಗಬಹುದು."

ಮುಂದಿನ ಭಾನುವಾರ ಹೋದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕಾಲುವೆ, ಇಟ್ಟಿಗೆ ಮನೆಗಳು, ಒಂದು ಚರ್ಚು, ಬೀದಿಯಲ್ಲಿ ಫುಟ್‌ಬಾಲ್ ಆಡುವ ಮಕ್ಕಳು. ಆದರೂ ಒಂದು ಗಂಟೆ ಸುತ್ತಿದೆ. ಅರ್ಥ್ ಅಂಡ್ ಫೈರ್ ತಂಡದ ಕ್ರಿಸ್ ಮತ್ತು ಖೇರಾರ್ಡ್ ಕೂರ್ಟ್ಸ್ ಎಂಬ ಅವಳಿ ಅಣ್ಣತಮ್ಮಂದಿರು ಇಂಥ ಬೀದಿಯಲ್ಲೇ ಅಲ್ವಾ ಗಿಟಾರ್, ಆರ್ಗನ್ ಹಿಡಿದದ್ದು ಅನ್ನಿಸಿತು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಯಾವ ರೆಕಾರ್ಡ್ ಮನೆಗೆ ಬಂದರೂ ಅದರ ಊರಿಗೆ ಒಮ್ಮೆ ಹೋಗಿಬರಬೇಕು.

ಊರಿಂದ ಬಂದವರನ್ನು ನಾವೆಲ್ಲ ಟ್ಯೂಲಿಪ್ ತೋಟಕ್ಕೆ, ಗಾಳಿಗಿರಣಿಗೆ ಕರೆದುಕೊಂಡು ಹೋಗುತ್ತೇವೆ. ಅದೂ ಚೆಂದವೇ. ನನಗೆ ಈ ದೇಶ ಹತ್ತಿರವಾದದ್ದು ಮಾತ್ರ ಈ ಹಳೆಯ ರೆಕಾರ್ಡ್‌ಗಳಿಂದ.

ವೋಲೆಂಡಾಮ್ ಅಂದರೆ ಪ್ರವಾಸಿಗರಿಗೆ ಹಳೇ ಕಾಲದ ಡಚ್ ಉಡುಪು ತೊಟ್ಟು ಫೋಟೋ ತೆಗೆಸಿಕೊಳ್ಳುವ ಮೀನುಗಾರರ ಊರು. ಅಲ್ಲಿಯ ಪಾಪ್ ಹಾಡುಗಳಿಗೆ ಹಾವುಮೀನಿನ ಹೆಸರೇ ಬಿದ್ದಿದೆ, 'ಪಾಲಿಂಗ್ ಸೌಂಡ್' ಅಂತ. ಆ ಊರಿನಿಂದಲೇ 1972ರಲ್ಲಿ ಕಾರ್ಗೋ ಎಂಬ ತಂಡ ಒಂದೇ ಒಂದು ಎಲ್‌ಪಿ ತಂದಿತು. ಬರೀ ನಾಲ್ಕು ಉದ್ದನೆಯ ಹಾಡು. ಎರಡು ಗಿಟಾರ್‌ಗಳು ಎದುರುಬದುರು ಕೂತು ಜುಗಲ್‌ಬಂದಿ ನಡೆಸಿದ ಹಾಗೆ. ಮೂಲ ಪ್ರತಿ ನನ್ನ ಜೇಬಿಗೆ ದೂರ. ಮರುಮುದ್ರಣ ಇಟ್ಟುಕೊಂಡಿದ್ದೇನೆ. ಸೋಲ್ಯೂಷನ್ ತಂಡ ಉತ್ತರದ ತುದಿಯ ಖ್ರೋನಿಂಗನ್‌ನದು. ಆಲ್ಕ್ವಿನ್ ನಮ್ಮ ಡೆಲ್ಫ್ಟ್‌ನದೇ. ಇಲ್ಲಿ ಓದುತ್ತಿದ್ದ ಹುಡುಗರು ಕಟ್ಟಿದ್ದು. ಡ್ರೆಂಥೆಯ ಖ್ರೋಲ್ಲೋ ಎಂಬ ಪುಟ್ಟ ಹಳ್ಳಿಗೂ ಹೋಗಿದ್ದೆ. ಕ್ಯೂಬಿ ಅಂಡ್ ಬ್ಲಿಜರ್ಡ್ಸ್ ತಂಡದ ಹ್ಯಾರಿ ಮುಸ್ಕೆ ಇದ್ದ ರೈತರ ಮನೆ ಈಗ ಅವರದೇ ಮ್ಯೂಸಿಯಂ. ಅಷ್ಟು ಸಣ್ಣ ಹಳ್ಳಿ ತನ್ನ ಹಾಡುಗಾರನನ್ನು ಅಷ್ಟು ಜೋಪಾನ ಮಾಡಿದ್ದನ್ನು ಕಂಡು ಗಂಟಲು ಕಟ್ಟಿ ಬಂತು.

ಆದರೆ ಎಲ್ಲ ಊರಿಗಿಂತ ದೊಡ್ಡದು ಡೆನ್ ಹಾಗ್, ಪೇಪರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಸುದ್ದಿ ಬಂದಾಗ ನಾವು ಓದುವ ಹೇಗ್. ಗೋಲ್ಡನ್ ಇಯರಿಂಗ್, ಶಾಕಿಂಗ್ ಬ್ಲೂ, ಕ್ಯೂ 65, ಗ್ರೂಪ್ 1850, ಸೂಪರ್‌ಸಿಸ್ಟರ್. ಎಲ್ಲ ಈ ಒಂದೇ ಊರಿನ ತಂಡಗಳು. ಆಫೀಸು, ರಾಯಭಾರ ಕಚೇರಿಗಳ ಊರಿನಲ್ಲಿ ಇಷ್ಟು ಗಿಟಾರ್ ಎಲ್ಲಿಂದ ಬಂತು?

ಇಂಡೊನೇಷ್ಯಾದಿಂದ ಬಂತು ಅಂತ ಪಕ್ಕದ ಮನೆಯವರು ಹೇಳಿದರು. ಇಂಡೊನೇಷ್ಯಾ ಡಚ್ಚರ ಕೈತಪ್ಪಿ ಸ್ವತಂತ್ರವಾದ ಮೇಲೆ, ಅಲ್ಲಿ ಹುಟ್ಟಿ ಬೆಳೆದ ಮಿಶ್ರ ಕುಟುಂಬದವರು ಸಾವಿರಾರು ಜನ ಹಡಗು ಹತ್ತಿ ಇಲ್ಲಿಗೆ ಬಂದರು. ಹೆಚ್ಚಿನವರು ಈ ದೇಶವನ್ನು ಮೊದಲು ನೋಡಿದ್ದೇ ಆಗ. ಡೆನ್ ಹಾಗ್‌ನಲ್ಲಿ ಬಹಳ ಮಂದಿ ನೆಲೆಸಿದರು. ಅವರ ಮಕ್ಕಳು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಅವರಲ್ಲಿ ಟೀಲ್ಮನ್ ಬ್ರದರ್ಸ್ ತಂಡದವರು ಗಿಟಾರನ್ನು ಬೆನ್ನ ಹಿಂದೆ ಹಿಡಿದು ನುಡಿಸುತ್ತಿದ್ದರಂತೆ, ಹಲ್ಲಿನಲ್ಲೂ ನುಡಿಸುತ್ತಿದ್ದರಂತೆ. ಬೀಟಲ್ಸ್ ಬರುವ ಮುಂಚೆಯೇ. ಅವರನ್ನು ನೋಡಿ ಕಲಿತ ಡಚ್ ಹುಡುಗರೇ ಮುಂದಿನ ತಂಡಗಳನ್ನು ಕಟ್ಟಿದ್ದು. ಇದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಹೊರಗಿನಿಂದ ಬಂದವರು ಚಳಿಯ ಊರಿಗೆ ಹೊಂದಿಕೊಳ್ಳುತ್ತಲೇ ಆ ಊರಿನ ಸದ್ದನ್ನೇ ಬದಲಿಸಿಬಿಟ್ಟಿದ್ದರು.

ನಮ್ಮ ಕಡೆಯ ನೆಂಟೂ ಇದರಲ್ಲಿದೆ. ಗೋಲ್ಡನ್ ಇಯರಿಂಗ್‌ನ ಗಾಯಕ ಬ್ಯಾರಿ ಹೇ ಹುಟ್ಟಿದ್ದು ಉತ್ತರ ಪ್ರದೇಶದ ಫೈಜಾಬಾದ್‌ನಲ್ಲಿ, 1948ರಲ್ಲಿ. ಶಾಕಿಂಗ್ ಬ್ಲೂ ತಂಡದ 'ಅಟ್ ಹೋಮ್' ಎಂಬ 1969ರ ಎಲ್‌ಪಿಯಲ್ಲಿ ಸಿತಾರ್ ಇದೆ. 'ಅಕ್ಕಾ ರಾಗ' ಅಂತಲೇ ಒಂದು ತುಣುಕಿದೆ. ಅದನ್ನು ಕಟ್ಟಿದವರು ಕಲ್ಕತ್ತಾದಲ್ಲಿ ಹುಟ್ಟಿದ ಸಂಗೀತ ಸಂಯೋಜಕ ಜಾನ್ ಮೇಯರ್. ಒಂದು ಭಾನುವಾರ ಅದು ಓಡುತ್ತಿದ್ದಾಗ ಹಾಸನದಿಂದ ಅಮ್ಮನ ವಿಡಿಯೋ ಕಾಲ್ ಬಂತು. "ಸಿತಾರ್ ಅಲ್ವೇನೋ ಅದು? ಶ್ರುತಿ ಸೇರಿಸ್ಕೊಳ್ಳೋಕೆ ಹೇಳು" ಅಂದರು. ಆಮೇಲೆ ಪೂರ್ತಿ ಕೇಳಿಸಿಕೊಂಡರು.

ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಇವರೆಲ್ಲ ತಮ್ಮ ಭಾಷೆಯಲ್ಲಿ ಯಾಕೆ ಹಾಡಲಿಲ್ಲ? 1970ರಲ್ಲಿ ಇಡೀ ದೇಶದ ಜನಸಂಖ್ಯೆ 1.3 ಕೋಟಿ. ಅಷ್ಟರಲ್ಲಿ ತಂಡ ಸಾಕುವುದು ಕಷ್ಟ, ಹೊರದೇಶ ಮುಟ್ಟಬೇಕಾದರೆ ಇಂಗ್ಲಿಷ್ ಬೇಕು ಅನ್ನುವ ಲೆಕ್ಕ. ಶಾಕಿಂಗ್ ಬ್ಲೂ ತಂಡದ 'ವೀನಸ್' ಹಾಡು 1970ರಲ್ಲಿ ಅಮೆರಿಕದಲ್ಲೇ ಒಂದನೇ ಸ್ಥಾನಕ್ಕೆ ಹೋಯಿತು. ಫೋಕಸ್ ತಂಡದ 'ಹೋಕಸ್ ಪೋಕಸ್' ಕೂಡ ಗೆದ್ದಿತು, ಅದರಲ್ಲಿ ಮಾತೇ ಇಲ್ಲ ಅನ್ನಿ. ಉಳಿದ ಎಷ್ಟೋ ತಂಡಗಳು ಇಂಗ್ಲಿಷಿನಲ್ಲೇ ಹಾಡಿಯೂ ಗಡಿ ದಾಟಲಿಲ್ಲ. ಆದರೆ ಬೌಡವೈನ್ ಡೆ ಖ್ರೋಟ್ ಎಂಬ ಗಾಯಕ ಡಚ್ಚಿನಲ್ಲೇ ಹಾಡಿದರು. 1968ರ 'ನಾಖ್ಟ್ ಎನ್ ಒಂಟೈ' ರೆಕಾರ್ಡಿನ ಒಂದು ಮಗ್ಗುಲಿನಲ್ಲಿ ಮಾಟಗಾತಿಯರ ಕೂಟದ ಮೇಲೆ ಇಪ್ಪತ್ತೈದು ನಿಮಿಷದ ಹಾಡಿದೆ. ಅದನ್ನು ಡಿಕ್ಷನರಿ ಇಟ್ಟುಕೊಂಡು ಸಾಲುಸಾಲಾಗಿ ಬಿಡಿಸಿದೆ. ಭಾಷಾ ಪರೀಕ್ಷೆಗೆ ಓದಿದ್ದಕ್ಕಿಂತ ಜಾಸ್ತಿ ಡಚ್ ನನಗೆ ಬಂದದ್ದು ಆ ಒಂದು ಮಗ್ಗುಲಿನಿಂದ. ನನ್ನ ಮಟ್ಟಿಗೆ ಆ ಕಾಲದ ಡಚ್ ರೆಕಾರ್ಡ್‌ಗಳಲ್ಲಿ ಅದಕ್ಕೆ ಮೊದಲ ಜಾಗ.

ಕಡಿಮೆ ಮಾರಾಟವಾದದ್ದೇ ಈಗ ದುಬಾರಿ. ಆಮ್‌ಸ್ಟರ್‌ಡ್ಯಾಮಿನ ಔಟ್‌ಸೈಡರ್ಸ್ ತಂಡದ 'ಸಿಕ್ಯೂ' 1968ರಲ್ಲಿ ಸರಿಯಾಗಿ ಓಡಲೇ ಇಲ್ಲ. ಅದೇ ವರ್ಷ ಬಂದ ಗ್ರೂಪ್ 1850ರ 'ಅಗೆಮೊಸ್ ಟ್ರಿಪ್ ಟು ಮದರ್ ಅರ್ಥ್' ಇನ್ನೂ ವಿಚಿತ್ರ. ಅಗೆಮೊ ಅಂದರೆ ಒಮೆಗಾವನ್ನು ತಿರುವಿ ಬರೆದದ್ದು. ಕವರ್ ಚಿತ್ರ 3ಡಿ, ಜೊತೆಗೆ ನೋಡಲು ಕನ್ನಡಕ. ಇಂದು ಇವುಗಳ ಒಳ್ಳೆಯ ಮೂಲ ಪ್ರತಿಗೆ ನೂರಾರು ಯೂರೋ. ಐವತ್ತು ವರ್ಷ ದಾಟಿದ ಕಾಗದದ ಕನ್ನಡಕ ಯಾರ ಮನೆಯಲ್ಲಿ ಉಳಿದಿರುತ್ತದೆ ಹೇಳಿ.

ಹುಡುಕುವ ಜಾಗಗಳು ಹಲವು. ಕ್ರಿಂಗ್ಲೋಪ್ ಅಂತ ಕರೆಯುವ ಹಳೆ ಸಾಮಾನಿನ ಅಂಗಡಿ ಪ್ರತಿ ಊರಲ್ಲೂ ಇದೆ. ರೆಕಾರ್ಡ್ ಮೂಲೆ ಯಾವಾಗಲೂ ಹಳೆ ಸೋಫಾಗಳ ಹಿಂದೆ. ಮಂಡಿಯೂರಿ ಕೂತು ನೋಡಬೇಕು. ದೊಡ್ಡ ಜಾತ್ರೆಯೂ ಇದೆ. ಮೊದಲು ಯುಟ್ರೆಕ್ಟ್‌ನಲ್ಲಿ ನಡೆಯುತ್ತಿತ್ತು, ಈಗ ಡೆನ್ ಬಾಸ್‌ನಲ್ಲಿ. ಜಪಾನಿನಿಂದಲೂ ಬರುತ್ತಾರೆ. ಅಲ್ಲಿ ಅವರು ಕವರ್ ನೋಡುವುದು ಕೊನೆಗೆ. ಮೊದಲು ರೆಕಾರ್ಡ್ ಹೊರತೆಗೆದು, ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಗೀಚಿದ ಅಂಕಿಗಳನ್ನು ಟಾರ್ಚ್ ಹಾಕಿ ಓದುತ್ತಾರೆ. ಅದು ಮೊದಲ ಮುದ್ರಣವೋ ಆಮೇಲಿನದೋ ಎಂದು ಆ ಅಂಕಿಗಳೇ ಹೇಳುತ್ತವೆ. ಕವರ್ ಸುಳ್ಳು ಹೇಳಬಹುದು.

ಅದನ್ನು ನಾನು ನಷ್ಟವಾದ ಮೇಲೆ ಕಲಿತೆ. ಸೂಪರ್‌ಸಿಸ್ಟರ್ ನನ್ನ ಅಚ್ಚುಮೆಚ್ಚಿನ ತಂಡ. ಗಿಟಾರ್ ಇಲ್ಲ. ರಾಬರ್ಟ್ ಯಾನ್ ಸ್ಟಿಪ್ಸ್ ಆರ್ಗನ್ನನ್ನೇ ಗಿಟಾರಿನಂತೆ ಒರಟಾಗಿ ಗುಡುಗಿಸುತ್ತಾರೆ, ಪಕ್ಕದಲ್ಲಿ ಕೊಳಲು ಮೃದುವಾಗಿ ತೇಲುತ್ತದೆ. ಅವರ 1971ರ 'ಟು ದಿ ಹೈಯೆಸ್ಟ್ ಬಿಡ್ಡರ್' ಒಬ್ಬರ ಹತ್ತಿರ ಸಿಕ್ಕಿತು. ಮಳೆ ಬರುತ್ತಿತ್ತು. ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಸೈಕಲ್ ಚೀಲದಲ್ಲಿಟ್ಟು, ಹೊರಗೆ ನಿಂತೇ ದುಡ್ಡು ಕೊಟ್ಟು ಹೊರಟೆ. ಮನೆಗೆ ಬಂದು ತೆಗೆದರೆ ಒಳಗೆ ಸಿಂಟರ್‌ಕ್ಲಾಸ್ ಮಕ್ಕಳ ಹಾಡಿನ ರೆಕಾರ್ಡ್! ಫೋನ್ ಮಾಡಿದರೆ ಮಾರಿದವರಿಗೂ ತಿಳಿಯದು. ಯಾವತ್ತೋ ಯಾವುದೋ ಹಬ್ಬದ ರಾತ್ರಿ ಆ ಮನೆಯಲ್ಲಿ ಎರಡು ರೆಕಾರ್ಡ್ ಅದಲುಬದಲಾಗಿವೆ, ಅಷ್ಟೇ.

ಪಕ್ಕದ ಮನೆಯವರಿಗೆ ಹೇಳಿದಾಗ ಅವರಿಗೂ ಬೇಸರವಾಯಿತು. 1970ರ ಜೂನ್‌ನಲ್ಲಿ ರೋಟರ್‌ಡ್ಯಾಮಿನ ಕ್ರಾಲಿಂಗನ್ ಕಾಡಿನಲ್ಲಿ ಮೂರು ದಿನ ಸಂಗೀತೋತ್ಸವ ನಡೆದಾಗ ಅವರಿಗೆ ಹದಿನೇಳು. ಪಿಂಕ್ ಫ್ಲಾಯ್ಡ್ ಕೇಳುತ್ತಾ ಹುಲ್ಲಿನ ಮೇಲೆ ಮಲಗಿದ್ದರಂತೆ. ತಮ್ಮ ರೆಕಾರ್ಡ್‌ಗಳನ್ನೆಲ್ಲ ಮದುವೆಯ ಹೊತ್ತಿಗೆ ಮಾರಿಬಿಟ್ಟಿದ್ದರು. "ಕವರ್ ಬಿಸಾಡಬೇಡಿ, ಡಿಸ್ಕ್ ಎಲ್ಲೋ ಇದ್ದೇ ಇರುತ್ತೆ" ಅಂದರು. ಈಗ ಅವರೂ ಕ್ರಿಂಗ್ಲೋಪ್‌ಗೆ ಹೋದಾಗಲೆಲ್ಲ ಮಕ್ಕಳ ಹಾಡಿನ ಕವರ್‌ಗಳ ಒಳಗೆ ಕೈ ಹಾಕಿ ನೋಡುತ್ತಾರೆ.

ಹಾಲೆಂಡಿನಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಈ ಏಪ್ರಿಲ್ 27ಕ್ಕೆ ನಿಮ್ಮ ಬೀದಿಯಲ್ಲಿ ಮಕ್ಕಳು ಡಬ್ಬ ಇಟ್ಟುಕೊಂಡು ಕೂತಿದ್ದರೆ, ಸಿಂಟರ್‌ಕ್ಲಾಸ್ ಹಾಡಿನ ಕವರ್ ಕಂಡರೆ, ದಯವಿಟ್ಟು ಒಳಗಿನ ರೆಕಾರ್ಡ್ ಹೊರಗೆಳೆದು ಲೇಬಲ್ ಓದಿ. ಪಾಲಿಡೋರ್ ಕಂಪನಿಯ ಕೆಂಪು ಲೇಬಲ್, ಮೇಲೆ ಸೂಪರ್‌ಸಿಸ್ಟರ್ ಅಂತ ಇದ್ದರೆ ತೆಗೆದಿಟ್ಟು ನನಗೆ ತಿಳಿಸಿ. ಯಾವ ಊರಾದರೂ ಸರಿ, ಸೈಕಲ್ ತಗೊಂಡು ಬರುತ್ತೇನೆ. ಕವರ್ ಮನೆಯಲ್ಲಿದೆ.