ಸ್ಕೋರ್ ಶೀಟಿನಲ್ಲಿ ಇಲ್ಲದ ಆಟ

ಬಳ್ಳಾರಿಯ ಪತ್ರಿಕಾ ಕಚೇರಿಯೊಂದರಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುತ್ತೇನೆ. ಸಂಜೆ ವರದಿಗಾರ, ರಾತ್ರಿ ಉಪಸಂಪಾದಕ. ಕ್ರೀಡೆ ಎಂದರೆ ನಮ್ಮ ಪುಟದಲ್ಲಿ ಕ್ರಿಕೆಟ್, ಕಬಡ್ಡಿ. ಬ್ಯಾಸ್ಕೆಟ್‌ಬಾಲ್‌ಗೆ ಸಿಗುವುದು ಮೂಲೆಯ ಎರಡು ಕಾಲಂ. ಆ ಎರಡು ಕಾಲಂ ಬರೆಯುವಾಗ ನಾನು ಮಾಡಿದ ಒಂದು ತಪ್ಪು ನನ್ನ ಕೆಲಸದ ರೀತಿಯನ್ನೇ ಬದಲಿಸಿತು.

ಕೆಲವು ವರ್ಷಗಳ ಹಿಂದಿನ ಮಾತು. ಪದವಿಪೂರ್ವ ಕಾಲೇಜುಗಳ ಜಿಲ್ಲಾ ಮಟ್ಟದ ಪಂದ್ಯ. ಬಳ್ಳಾರಿಯ ಬಿಸಿಲು ಇಳಿದ ಮೇಲೆಯೇ ಆಟ ಶುರು. ತೋರಣಗಲ್ಲಿನ ಕಡೆಯ ತಂಡದಲ್ಲಿ ಏಳನೇ ನಂಬರಿನ ಜೆರ್ಸಿ ತೊಟ್ಟ ಹುಡುಗಿಯೊಬ್ಬಳಿದ್ದಳು, ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೊಯ್ದು ಆಟ ಕಟ್ಟುವವಳು. ಅಪ್ಪನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ, ಮೂಲ ಮಣಿಪುರ. ಅವಳ ಕೈಗೆ ಚೆಂಡು ಬಂದಾಗಲೆಲ್ಲ ಮೆಟ್ಟಿಲ ಮೇಲೆ ಕೂತ ಹುಡುಗರು ‘ಚೈನಾ! ಚೈನಾ!’ ಎಂದು ಕೂಗುತ್ತಿದ್ದರು. ಅದು ನನ್ನ ಕಿವಿಗೂ ಬಿತ್ತು. ಬರೆಯುವಾಗ ಅದನ್ನು ‘ಪ್ರೇಕ್ಷಕರ ಹುರಿದುಂಬಿಕೆ’ ಮಾಡಿದೆ. ವರದಿಯ ಮೊದಲ ಸಾಲು ಹೀಗಿತ್ತು: ‘ಮಣಿಪುರದ ಚಿನಕುರುಳಿ ಬಳ್ಳಾರಿಯ ಅಂಗಳದಲ್ಲಿ ಮಿಂಚಿದಳು.’ ಬರೆದು ಖುಷಿಪಟ್ಟಿದ್ದೆ.

ಮರುದಿನ ಬೆಳಿಗ್ಗೆ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಳ್ಳುತ್ತಿದ್ದಾಗ ಆ ಕಾಲೇಜಿನ ಪಿ.ಇ. ಮೇಡಂ ಫೋನು ಮಾಡಿದರು.

‘ಸರ್, ಪೇಪರ್ ನೋಡಿದ್ವಿ. ಒಂದ್ ಮಾತು ಕೇಳ್ಲೇನ್ರಿ? ನಮ್ ಹುಡುಗಿ ಹುಟ್ಟಿದ್ದು ತೋರಣಗಲ್ಲಾಗ. ಒಂದನೇ ಕ್ಲಾಸಿಂದ ಇಲ್ಲೇ ಓದ್ಯಾಳ. ಮಣಿಪುರ ಆಕಿ ನೋಡಿದ್ದು ಎರಡ ಸಲ, ಅದೂ ರಜಾದಾಗ. ಇರ್ಲಿ, ಆಕಿ ಆಟ ಎಲ್ಲೈತ್ರಿ ಇದರಾಗ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಮೇಡಂ ಫೋನನ್ನು ಹುಡುಗಿಗೇ ಕೊಟ್ಟರು. ಅವಳಿಗೆ ಸಿಟ್ಟಿರಲಿಲ್ಲ. ‘ಸರ್, ಮಣಿಪುರ ಅಂತ ಬರೆದ್ರೆ ಪರವಾಗಿಲ್ರೀ. ನಾನು ಐದ್ ಸಲ ಬಾಲ್ ಕಸಕೊಂಡೆ. ಅದು ಬರೀಲೇ ಇಲ್ಲ ನೀವು.’

ಕಚೇರಿಯಲ್ಲಿ ಹಿರಿಯರಿಗೆ ಹೇಳಿದೆ. ‘ತಪ್ಪೇನಾಯ್ತು? ಮಣಿಪುರ ಅನ್ನೋದು ಬೈಗುಳಾನಾ?’ ಎಂದರು. ಬೈಗುಳವಲ್ಲ, ನಿಜ. ಆದರೆ ಅದೇ ತಂಡದ ನಾಯಕಿಯ ಮನೆಯವರು ಆದೋನಿಯಿಂದ ಬಂದವರು. ನಮ್ಮ ಬಳ್ಳಾರಿಯಲ್ಲಿ ಅರ್ಧ ಊರು ಮನೆಯಲ್ಲಿ ತೆಲುಗು ಆಡುತ್ತದೆ. ಅವಳನ್ನು ‘ಆಂಧ್ರದ ಹುಡುಗಿ’ ಎಂದು ನಾನು ಬರೆಯಲಿಲ್ಲ. ಅವಳ ಬಗ್ಗೆ ಬರೆದದ್ದು ಹದಿನಾಲ್ಕು ಪಾಯಿಂಟ್, ಎಡಗೈ ಲೇ-ಅಪ್. ಒಬ್ಬಳಿಗೆ ಆಟ ಕೊಟ್ಟೆ, ಇನ್ನೊಬ್ಬಳಿಗೆ ಊರು ಕೊಟ್ಟೆ. ಮುಖ ನೋಡಿ ಹಂಚಿದೆ.

ಹೀಗೇಕಾಯಿತು ಎಂದು ಕೂತು ಯೋಚಿಸಿದಾಗ ಮೊದಲು ಹೊಳೆದದ್ದು ಸ್ಕೋರ್ ಶೀಟು. ನಮ್ಮ ಪಂದ್ಯಗಳಲ್ಲಿ ಮೇಜಿನ ಮೇಲೆ ಬರೆಯುವ ಶೀಟಿನಲ್ಲಿ ಯಾರು ಎಷ್ಟು ಪಾಯಿಂಟ್ ಹೊಡೆದರು, ಯಾರು ಎಷ್ಟು ಫೌಲ್ ಮಾಡಿದರು ಎಂಬುದಿರುತ್ತದೆ. ಬೇರೆಯವರ ಪಾಯಿಂಟಿಗೆ ದಾರಿ ಮಾಡಿಕೊಟ್ಟ ಪಾಸ್, ಅಂದರೆ ಅಸಿಸ್ಟ್ ಇಲ್ಲ; ಎದುರಾಳಿಯಿಂದ ಚೆಂಡು ಕಸಿದದ್ದು, ಅಂದರೆ ಸ್ಟೀಲ್ ಇಲ್ಲ. ಪಂದ್ಯ ಮುಗಿದ ಮೇಲೆ ಆ ಹಾಳೆಯ ಫೋಟೊ ತೆಗೆದುಕೊಂಡು ಬಂದು ಕಾಪಿ ಬರೆಯುವುದು ನನ್ನ ರೂಢಿ. ಪಾಯಿಂಟ್ ಗಾರ್ಡ್ ಮಾಡುವ ಮುಕ್ಕಾಲು ಕೆಲಸ ಆ ಹಾಳೆಯಲ್ಲಿ ಇರುವುದೇ ಇಲ್ಲ. ಏಳನೇ ನಂಬರಿನ ಎದುರು ಬರೀ ನಾಲ್ಕು ಪಾಯಿಂಟ್ ಇತ್ತು. ಆದರೆ ಅವಳು ಚೆನ್ನಾಗಿ ಆಡಿದ್ದು ಕಣ್ಣಿಗೆ ಗೊತ್ತಿತ್ತು. ಬರೆಯಲು ಅಂಕಿ ಇರಲಿಲ್ಲ, ಆ ಖಾಲಿ ಜಾಗಕ್ಕೆ ಮುಖ ಬಂದು ಕೂತಿತು, ಊರು ಬಂದು ಕೂತಿತು.

ಆಗ ನೆನಪಾದದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜೆರೆಮಿ ಲಿನ್. ಅಪ್ಪ ಅಮ್ಮ ತೈವಾನಿನವರು, ಅವನು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 2006ರಲ್ಲಿ ಅವನ ಹೈಸ್ಕೂಲ್ ತಂಡ ರಾಜ್ಯ ಚಾಂಪಿಯನ್ ಆಯಿತು. ಆದರೂ ಯಾವ ದೊಡ್ಡ ಕಾಲೇಜೂ ಕ್ರೀಡಾ ಸ್ಕಾಲರ್‌ಶಿಪ್ ಕೊಡಲಿಲ್ಲ. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದುತ್ತ ಆಡಿದ. ಅಲ್ಲಿಯೂ ಗ್ಯಾಲರಿಯಿಂದ ಅವನ ಕಣ್ಣು, ಬಣ್ಣ ಎತ್ತಿ ಬೈಯುತ್ತಿದ್ದರೆಂದು ಅವನೇ ಹೇಳಿಕೊಂಡಿದ್ದಾನೆ. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2010ರಲ್ಲಿ, ಅವನನ್ನು ಯಾರೂ ಆರಿಸಲಿಲ್ಲ. 2011ರ ಡಿಸೆಂಬರಿನಲ್ಲಿ ಎರಡು ತಂಡಗಳು ಒಂದರ ಹಿಂದೆ ಒಂದರಂತೆ ಕೈಬಿಟ್ಟವು. ಆಮೇಲೆ 2012ರ ಫೆಬ್ರವರಿ 4ರಂದು ನ್ಯೂಯಾರ್ಕ್ ನಿಕ್ಸ್ ಪರ ಬೆಂಚಿನಿಂದ ಎದ್ದು ಬಂದು 25 ಪಾಯಿಂಟ್ ಹೊಡೆದ. ಫೆಬ್ರವರಿ 10ಕ್ಕೆ ಲೇಕರ್ಸ್ ವಿರುದ್ಧ 38. ಸತತ ಏಳು ಗೆಲುವು.

ಅವನನ್ನು ಕೈಬಿಟ್ಟ ತಂಡಗಳಲ್ಲಿ ಹ್ಯೂಸ್ಟನ್ ರಾಕೆಟ್ಸ್ ಒಂದು. ಅದರ ಜನರಲ್ ಮ್ಯಾನೇಜರ್ ಆಗಿದ್ದ ಡ್ಯಾರಿಲ್ ಮೋರಿ ಆಮೇಲೆ ಒಪ್ಪಿಕೊಂಡ ವಿಷಯ ನನ್ನನ್ನು ಬಹಳ ಕಾಡಿದೆ. ಅವರ ಅಂಕಿಅಂಶದ ಲೆಕ್ಕ 2010ರಲ್ಲೇ ಲಿನ್‌ನನ್ನು ಹದಿನೈದನೇ ಸ್ಥಾನದ ಆಸುಪಾಸಿನಲ್ಲಿ ಆರಿಸಿ ಎಂದಿತ್ತಂತೆ. ತಜ್ಞರ ಕಣ್ಣು ಒಪ್ಪಲಿಲ್ಲ. ಆಮೇಲೆ ಆಟಗಾರರ ಮೊದಲೆರಡು ಹೆಜ್ಜೆಯ ವೇಗ ಅಳೆದಾಗ, ಅವರು ಅಳೆದವರಲ್ಲೆಲ್ಲ ಅತಿ ಚುರುಕಾಗಿ ನುಗ್ಗುವವನು ಲಿನ್. ಅವನ ಮೈಯಲ್ಲಿ ವೇಗವಿಲ್ಲ ಎಂದು ತಾನೂ ಸೇರಿ ಎಲ್ಲರೂ ನಂಬಿದ್ದಕ್ಕೆ ಅವನು ಏಷ್ಯಾದ ಮೂಲದವನು ಎಂಬುದು ಬಿಟ್ಟರೆ ಬೇರೆ ಕಾರಣ ಕಾಣುತ್ತಿಲ್ಲ ಎಂದರು ಮೋರಿ. ಆಟಗಾರರನ್ನು ನೋಡುವುದೇ ಹೊಟ್ಟೆಪಾಡಾದವರಿಗೆ ಕಣ್ಣ ಮುಂದೆ ಓಡುತ್ತಿದ್ದ ವೇಗ ಕಾಣಲಿಲ್ಲ!

ರಾತ್ರಿ ಪಾಳಿಯವನಾದ ನನಗೆ ಅದಕ್ಕಿಂತ ಹತ್ತಿರದ್ದು ಇನ್ನೊಂದು ಘಟನೆ. ಫೆಬ್ರವರಿ 17ರಂದು ಆ ಗೆಲುವಿನ ಓಟ ನಿಂತಿತು. ಲಿನ್ ಒಂಬತ್ತು ಸಲ ಚೆಂಡು ಕಳೆದುಕೊಂಡಿದ್ದ. ನಡುರಾತ್ರಿ ದಾಟಿದ ಮೇಲೆ ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್‌ನ ಮೊಬೈಲ್ ಪುಟದಲ್ಲಿ ಒಂದು ಶೀರ್ಷಿಕೆ ಬಂತು. ಕವಚದಲ್ಲಿನ ಬಿರುಕು ಎಂಬರ್ಥದ ಹಳೆಯ ಇಂಗ್ಲಿಷ್ ನುಡಿಗಟ್ಟು ಅದು. ಅದರಲ್ಲಿ ಬಿರುಕಿಗೆ ಇರುವ ಪದವೇ ಚೀನೀಯರನ್ನು ಹೀನಾಯವಾಗಿ ಕರೆಯುವ ಪದ ಕೂಡ. ಮೂವತ್ತೈದು ನಿಮಿಷದಲ್ಲಿ ತೆಗೆದರು. ಬರೆದವನ ಕೆಲಸ ಹೋಯಿತು. ಬೇಕೆಂದು ಬರೆದದ್ದಲ್ಲ, ಆ ನುಡಿಗಟ್ಟನ್ನು ಎಷ್ಟೋ ಸಲ ಬಳಸಿದ್ದೆ ಎಂದ ಅವನು. ನಾನು ಅವನನ್ನು ನಂಬುತ್ತೇನೆ. ರಾತ್ರಿ ಎರಡು ಗಂಟೆಗೆ ಪುಟ ಬಿಡುವವನ ಕೈಗೆ ಮೊದಲು ಸಿಗುವುದು ರೂಢಿಯ ಮಾತೇ. ಲಿನ್ ಅವನನ್ನು ಆಮೇಲೆ ಭೇಟಿಯಾಗಿ ಜೊತೆಗೆ ಕೂತು ಊಟ ಮಾಡಿದ. ಆದರೂ ಆ ಸಾಲು ಓದಿದವರಿಗೆ ಆದ ನೋವು ಬರೆದವನ ಮನಸ್ಸು ಕೇಳಿಕೊಂಡು ಆಗುವುದಿಲ್ಲ.

ನಾನು ಹಳೆಯ ಪುಟಗಳನ್ನು ತೆಗೆದು ನನ್ನ ವರದಿಗಳನ್ನೇ ಓದಿದೆ. 2015ರಲ್ಲಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ ಮೇವರಿಕ್ಸ್ 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ನನ್ನ ಬರಹದ ತುಂಬ ಏಳಡಿ ಎರಡಿಂಚು, ಅಷ್ಟೇ. ರಿಂಗಿನ ಕೆಳಗೆ ಅವನ ಕಾಲು ಹೇಗೆ ಆಡುತ್ತದೆ ಎಂಬ ಒಂದು ಸಾಲಿಲ್ಲ. 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮ ತಂಡದ ಅಮೃತ್‌ಪಾಲ್ ಸಿಂಗ್, ಅಮ್ಜ್ಯೋತ್ ಸಿಂಗ್ ಇಬ್ಬರಿಗೂ ಪೇಟ ತೆಗೆದು ಆಡಿ ಎಂದರು. ಆ ಅನ್ಯಾಯದ ಸುದ್ದಿ ದೊಡ್ಡದಾಗಿ ಬರಲೇಬೇಕಿತ್ತು, ಬಂತು. ಜಾಗತಿಕ ಒಕ್ಕೂಟ 2017ರಲ್ಲಿ ನಿಯಮ ಬದಲಿಸಿತು. ಆದರೆ ಅದೇ ಟೂರ್ನಿಯಲ್ಲಿ ಭಾರತ ಚೀನಾವನ್ನು ಅದರ ನೆಲದಲ್ಲೇ 65–58ರಿಂದ ಸೋಲಿಸಿತು. ನಮ್ಮ ಪುಟದಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಪ್ಯಾರಾ, ನನ್ನದೇ ಕೈಯಿಂದ. ಎನ್‌ಬಿಎಯಲ್ಲಿ ಆಡಿದ ಚೀನಾದ ಯಾವೊ ಮಿಂಗ್ ಬಗ್ಗೆ ಬರೆದಾಗಲೂ ಅಷ್ಟೇ: 2.29 ಮೀಟರ್ ಎತ್ತರ, ಎನ್‌ಬಿಎ ತಾರೆಯರ ಆಲ್‌ಸ್ಟಾರ್ ಪಂದ್ಯಕ್ಕೆ ಚೀನಾದ ಜನ ಹಾಕಿದ ವೋಟು. ಅಷ್ಟೆತ್ತರದವನು ತನ್ನ ಇಡೀ ವೃತ್ತಿಯಲ್ಲಿ ಫೌಲ್‌ಗೆ ಸಿಗುವ ಫ್ರೀ ಥ್ರೋಗಳಲ್ಲಿ ನೂರಕ್ಕೆ ಎಂಬತ್ತಮೂರು ಹಾಕಿದ್ದಾನೆ ಎಂಬುದು ನನಗೆ ಸುದ್ದಿ ಅನ್ನಿಸಿರಲಿಲ್ಲ.

ಹೊಗಳಿಕೆಯಲ್ಲೂ ಇದೇ ಕಾಯಿಲೆ. ‘ಶಿಸ್ತಿನ ಆಟಗಾರ’, ‘ಬುದ್ಧಿವಂತ’, ‘ವಿನಯಶೀಲ’. ಇವು ಏಷ್ಯಾದವರಿಗೆ ಎತ್ತಿಟ್ಟ ಮಾತುಗಳು. ‘ಬಲಶಾಲಿ’, ‘ಮಿಂಚಿನ ವೇಗ’ ಬೇರೆಯವರಿಗೆ. ನನ್ನ ಏಳನೇ ನಂಬರಿನ ಹುಡುಗಿಗೂ ‘ಚಿನಕುರುಳಿ’ ಎಂದೆ. ಅವಳು ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳುವಾಗಿನ ತೋಳಿನ ಕಸುವು ಆ ಮಾತಿನಲ್ಲಿ ಎಲ್ಲಿದೆ?

ಅಂದಿನಿಂದ ಶೀಟಿನ ಫೋಟೊ ನೆಚ್ಚಿಕೊಳ್ಳುವುದು ಬಿಟ್ಟೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾನೇ ಮನೆ ಎಳೆದು, ಜೆರ್ಸಿ ನಂಬರಿನ ಎದುರು ಪಾಸ್, ಸ್ಟೀಲ್, ರಿಬೌಂಡ್, ತಪ್ಪಿದ ಫ್ರೀ ಥ್ರೋಗೆ ಒಂದೊಂದು ಗೆರೆ ಹಾಕುತ್ತೇನೆ. ಹೆಸರು ಕೊನೆಗೆ ಕೇಳುತ್ತೇನೆ. ಊರು ಬರೆದರೆ ಐವರದ್ದೂ, ಇಲ್ಲವೇ ಯಾರದ್ದೂ ಇಲ್ಲ. ಗ್ಯಾಲರಿಯ ಕೂಗು ಏನಿತ್ತೋ ಅದನ್ನು ಹುರಿದುಂಬಿಕೆ ಎಂದು ತೊಳೆದು ಬರೆಯುವುದಿಲ್ಲ. ಒಂದು ಸಲ ಕೂಗಿದವರ ಹತ್ತಿರ ಎದ್ದು ಹೋಗಿ, ‘ಆಕಿ ನಮ್ ಸಂಡೂರು ತಾಲ್ಲೂಕಿನಾಕಿ, ಹೆಸರು ಹಿಡಿದು ಕೂಗ್ರಪ್ಪಾ’ ಎಂದು ಹೇಳಿಯೂ ಬಂದೆ. ಅದು ವರದಿಗಾರನ ಕೆಲಸವಲ್ಲ ಎಂದರು ಕಚೇರಿಯಲ್ಲಿ. ಇರಬಹುದು.

ಮುಂದಿನ ವರ್ಷ ಅದೇ ಪಂದ್ಯದ ಸೆಮಿಫೈನಲ್‌ನಲ್ಲಿ ಅವಳ ತಂಡ ಒಂದು ಪಾಯಿಂಟಿನಿಂದ ಸೋತಿತು. ಆರು ಸ್ಟೀಲ್, ಒಂಬತ್ತು ಅಸಿಸ್ಟ್, ಕೊನೆಯ ನಿಮಿಷದಲ್ಲಿ ಕೈತಪ್ಪಿದ ಎರಡು ಫ್ರೀ ಥ್ರೋ, ಎಲ್ಲ ಬರೆದೆ. ಮಣಿಪುರ ಇರಲಿಲ್ಲ. ಬೆಳಿಗ್ಗೆ ಮೇಡಂ ಫೋನಿನಿಂದ ಒಂದು ಮೆಸೇಜು ಬಂತು, ಹುಡುಗಿಯೇ ಬರೆದದ್ದು: ‘ಸರ್, ಎರಡಲ್ಲ, ಮೂರು ಮಿಸ್ ಮಾಡಿದ್ದೆ.’

ನೋಟ್‌ಬುಕ್ ತೆಗೆದು ಅವಳ ನಂಬರಿನ ಎದುರು ಇನ್ನೊಂದು ಗೆರೆ ಹಾಕಿದೆ.