ಅಪ್ಪನ ತಾಟಿನಲ್ಲಿ ಉಳಿದ ಅರ್ಧ ರೊಟ್ಟಿ

ದವಾಖಾನೆಯಿಂದ ಮನೆಗೆ ಬಂದ ಮೂರನೇ ದಿನ ಅಪ್ಪ ಊಟಕ್ಕೆ ಕೂತವರು ಅವ್ವನ ಮೇಲೆ ರೇಗಿದರು. "ಏನಿದು, ಬರೇ ರೊಟ್ಟಿ, ಚಟ್ನಿ? ಪಲ್ಲೆ ಮಾಡಿಲ್ಲೇನು?"

ಪಲ್ಲೆ ತಾಟಿನಲ್ಲೇ ಇತ್ತು. ಎಡಗಡೆ. ಅವರಿಗೆ ಇಷ್ಟ ಅಂತಲೇ ಅವ್ವ ಬದನೆಕಾಯಿ ಎಣಗಾಯಿ ಮಾಡಿದ್ದಳು. ರೊಟ್ಟಿಯನ್ನೂ ಬಲಗಡೆಯ ಅರ್ಧ ಮಾತ್ರ ತಿಂದಿದ್ದರು, ಎಡ ಅರ್ಧ ಗೆರೆ ಹೊಡೆದ ಹಾಗೆ ಉಳಿದಿತ್ತು. ಅವ್ವ ಮಾತಾಡದೆ ತಾಟು ತಿರುಗಿಸಿದಳು. "ಹಾಂ, ಈಗ ಹಾಕಿದಿ ನೋಡು," ಅಂತ ಅಪ್ಪ ಎಣಗಾಯಿಗೆ ಕೈ ಹಾಕಿದರು.

ಲಕ್ವಾ ಅಂದರೆ ಕೈಕಾಲು ಬೀಳುವುದು, ಬಾಯಿ ಸೊಟ್ಟ ಆಗುವುದು ಅಂತಲೇ ನಾನು ತಿಳಿದಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ ತಿಳಿದಿರುತ್ತಾರೆ, ಅಲ್ವಾ? ಅಪ್ಪನಿಗೆ ಎಡಗೈ ಸ್ವಲ್ಪ ಸೋತಿತ್ತು ಅಷ್ಟೇ, ನಡೆಯುತ್ತಿದ್ದರು, ಮಾತೂ ಸ್ಪಷ್ಟ ಇತ್ತು. ಹಾಗಾಗಿ ಪಾರಾದೆವು ಅಂದುಕೊಂಡೆವು. ಆಮೇಲೆ ಒಂದೊಂದೇ ಶುರುವಾಯಿತು. ಗಡ್ಡ ಬಲಗಡೆ ಮಾತ್ರ ಹೆರೆಯುತ್ತಿದ್ದರು. ಅಂಗಿಯ ಎಡತೋಳು ಜೋತಾಡುತ್ತಿತ್ತು. ಪೇಪರ್ ಓದುವಾಗ ನವಲಗುಂದ ಬರೀ 'ಗುಂದ' ಆಗುತ್ತಿತ್ತು, ಹುಬ್ಬಳ್ಳಿ ಇದ್ದಲ್ಲಿ ಒಮ್ಮೊಮ್ಮೆ 'ಹೆಬ್ಬಳ್ಳಿ' ಅಂತ ಓದುತ್ತಿದ್ದರು. ಧಾರವಾಡದ ಹತ್ತಿರ ಹೆಬ್ಬಳ್ಳಿ ಅಂತ ನಿಜವಾಗಿಯೂ ಒಂದು ಊರಿದೆ, ಹಾಗಾಗಿ ಅವರಿಗೆ ತಪ್ಪು ಓದಿದೆ ಅಂತ ಅನುಮಾನವೂ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಫಜೀತಿ ಆಗಿದ್ದು ನಮ್ಮ ಅತ್ತೆ ನೋಡಲು ಬಂದ ದಿನ. ಅವರು ಮಂಚದ ಎಡಕ್ಕೆ ಕೂತು ಅರ್ಧ ತಾಸು ಮಾತಾಡಿದರು, ಅಪ್ಪ ಅವರ ಕಡೆ ತಿರುಗಲೇ ಇಲ್ಲ, ಬಲಗಡೆ ನಿಂತಿದ್ದ ನನಗೇ ಉತ್ತರ ಕೊಡುತ್ತಿದ್ದರು. ಹಳೇ ಹೊಲದ ಜಗಳ ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ ಅಂತ ಅತ್ತೆ ಚಹಾ ಕುಡಿಯದೆ ಹೋದರು!

ನಾವು ಮೊದಲು ಓಡಿದ್ದು ಕಣ್ಣಿನ ಡಾಕ್ಟರ ಹತ್ತಿರ. ಕಣ್ಣು ಚೆನ್ನಾಗಿದೆ ಅಂದರು. ಕೊನೆಗೆ ಗೊತ್ತಾಗಿದ್ದು ನರರೋಗದ ಡಾಕ್ಟರ ಹತ್ತಿರ, ಅದೂ ಎರಡೇ ಬೆರಳಿನಿಂದ. ಅಪ್ಪನ ಎದುರು ಕೂತು ಎಡಗಡೆ ಒಂದು ಬೆರಳು ಅಲ್ಲಾಡಿಸಿದರು. ಕಾಣ್ತದೆ ಅಂದರು ಅಪ್ಪ. ಬಲಗಡೆ? ಅದೂ ಕಾಣ್ತದೆ. ಎರಡೂ ಕಡೆ ಒಟ್ಟಿಗೆ ಅಲ್ಲಾಡಿಸಿದರೆ ಮಾತ್ರ ಬಲಗಡೆಯದು ಒಂದೇ! ಎಡಗಡೆಯದು ಆ ಕ್ಷಣಕ್ಕೆ ಇಲ್ಲವೇ ಇಲ್ಲ.

ಡಾಕ್ಟರು ಇದಕ್ಕೆ ನೆಗ್ಲೆಕ್ಟ್ ಅಂದರು, ಅಂದರೆ ಕಣ್ಣು ಸರಿ ಇದ್ದರೂ ಒಂದು ಕಡೆಗೆ ಗಮನವೇ ಹೋಗದಿರುವುದು. ಮಿದುಳಿನ ಬಲಭಾಗಕ್ಕೆ, ಅದರಲ್ಲೂ ಕಿವಿಗಿಂತ ಮೇಲೆ ಸ್ವಲ್ಪ ಹಿಂದಿರುವ ಜಾಗಕ್ಕೆ ಪೆಟ್ಟಾದರೆ ಇದು ಜಾಸ್ತಿ ಕಾಣಿಸುತ್ತದಂತೆ. ಬಲ ಮಿದುಳು ಎರಡೂ ಕಡೆ ಗಮನ ಇಡುತ್ತದೆ, ಎಡ ಮಿದುಳು ಹೆಚ್ಚಾಗಿ ಬಲಗಡೆ ಮಾತ್ರ. ಎಡ ಮಿದುಳು ಕೆಟ್ಟರೆ ಬಲದ್ದು ಸಂಭಾಳಿಸುತ್ತದೆ, ಬಲದ್ದು ಕೆಟ್ಟರೆ ಎಡಗಡೆಯ ಲೋಕಕ್ಕೆ ದಿಕ್ಕಿಲ್ಲ. ದೃಷ್ಟಿಯೇ ಅರ್ಧ ಹೋದವರು ಬೇರೆ, ಅವರು ಅರ್ಧ ಕಾಣ್ತಿಲ್ಲ ಅಂತ ತಿಳಿದು ಕತ್ತು ತಿರುಗಿಸುತ್ತಾರೆ. ಅಪ್ಪನಿಗೆ ಏನೋ ತಪ್ಪಿಹೋಗಿದೆ ಅಂತಲೇ ಅನ್ನಿಸುವುದಿಲ್ಲ. ಇಲ್ಲದ್ದನ್ನು ಯಾರಾದರೂ ಯಾಕೆ ಹುಡುಕುತ್ತಾರೆ?

ನೆಂಟರು ಇದನ್ನು ನಾಟಕ ಅಂದರು, ಕೆಲವರು ಮರೆವು ಅಂದರು. ಮರೆವು ಅಂತ ನನಗೂ ಅನ್ನಿಸಿತ್ತು. ಆಮೇಲೆ ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ಎಂಬ ಇಬ್ಬರು ಸಂಶೋಧಕರು 1978ರಲ್ಲಿ ಪ್ರಕಟಿಸಿದ ಸಂಗತಿ ಓದಿದೆ. ಮಿಲಾನ್ ಊರಿನ ದೊಡ್ಡ ಚರ್ಚಿನ ಮುಂದೆ ಒಂದು ಚೌಕ ಇದೆ, ಊರಿನವರಿಗೆಲ್ಲ ಗೊತ್ತು. ಇಂಥದ್ದೇ ತೊಂದರೆ ಇದ್ದವರಿಗೆ, ಚರ್ಚಿನ ಎದುರು ನಿಂತಿದ್ದೀರಿ ಅಂದುಕೊಂಡು ಏನೇನು ಕಾಣುತ್ತದೆ ಹೇಳಿ ಅಂದರು. ಅವರು ಹೆಚ್ಚಾಗಿ ಬಲಗಡೆಯದ್ದನ್ನೇ ಹೇಳಿದರು. ಈಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಈ ಕಡೆ ನೋಡಿ ಅಂದಾಗ, ಮೊದಲು ಬಿಟ್ಟಿದ್ದೆಲ್ಲ ಬಂತು, ಮೊದಲು ಹೇಳಿದ್ದು ಹೋಯಿತು.

ಓದಿ ಸುಮ್ನೆ ಕೂರಲು ಆಗಲಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅಪ್ಪ ಹುಟ್ಟಿ ಬೆಳೆದವರು. ಒಂದು ತುದಿಗೆ ರಸ್ತೆ, ಇನ್ನೊಂದು ತುದಿಗೆ ಹನುಮಪ್ಪನ ಗುಡಿ. "ಅಪ್ಪಾ, ಕಣ್ಣು ಮುಚ್ಚ್ರಿ. ರಸ್ತೆಯಿಂದ ಗುಡಿ ಕಡೆ ಹೊಂಟೀರಿ. ಯಾರ ಯಾರ ಮನಿ ಬರ್ತಾವು?" ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಮಾಸ್ತರ ಮನೆ, ಬೇವಿನ ಗಿಡ, ಗುಡಿ. ಮುಗೀತು. ಎಲ್ಲಾ ಬಲಗಡೆಯವೇ. ಎಡಗಡೆ ನಮ್ಮ ಮನೆ ಇದೆ. ಎಪ್ಪತ್ತು ವರ್ಷ ಬಾಳಿದ ಸ್ವಂತ ಮನೆ ಅವರ ಓಣಿಯಲ್ಲಿ ಇರಲಿಲ್ಲ.

ನನಗೆ ಗಂಟಲು ಕಟ್ಟಿತು. ಹೇಗೋ ತಡೆದುಕೊಂಡು ಕೇಳಿದೆ, "ಈಗ ಗುಡಿ ಮುಗಿಸಿ ರಸ್ತೆ ಕಡೆ ಬರಾಕತ್ತೀರಿ."

"ಟೇಲರ್ ಅಂಗಡಿ, ಬಳಿಗಾರರ ಮನಿ, ಆಮ್ಯಾಲೆ ನಮ್ಮನಿ, ಕಟ್ಟಿ ಮ್ಯಾಲೆ ನಿಮ್ಮವ್ವ ಕುಂತಾಳ," ಅಂದರು. ಕಿರಾಣಿ ಅಂಗಡಿ ಮಾಯವಾಗಿತ್ತು, ಗಿರಣಿಯೂ.

ಅಂದರೆ ಮನೆ ನೆನಪಿನಿಂದ ಹೋಗಿಲ್ಲ. ನೆನಪನ್ನೂ ನಾವು ಎಲ್ಲೋ ಒಂದು ಕಡೆ ನಿಂತೇ ನೋಡುತ್ತೇವೆ, ಅವರು ಅಲ್ಲೂ ಬಲಗಡೆಯೇ ನೋಡುತ್ತಿದ್ದಾರೆ. ಮರೆವು ಅಂದವರಿಗೆ ಇದನ್ನು ಹೇಗೆ ತಿಳಿಸುವುದು ಅಂತ ನನಗೆ ಇನ್ನೂ ಹೊಳೆದಿಲ್ಲ. ಅತ್ತೆಗೆ ಮಾತ್ರ ತಾಟು ತಿರುಗಿಸಿಯೇ ತೋರಿಸಿದೆ, ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡಿದರು. ಈ ಸಲ ಚಹಾ ಕುಡಿದರು.

ಒಂದು ಮಾತು. ಅಪ್ಪನಿಗೆ ಇದು ರಾತ್ರಿ ನಿದ್ದೆಯಲ್ಲಿ ಆಗಿದ್ದು, ಎಷ್ಟು ಹೊತ್ತಿಗೆ ಅಂತ ಗೊತ್ತಾಗಲಿಲ್ಲ. ಮಿದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಲಕ್ವಾ ಆಗಿದ್ದರೆ, ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಮ್ಮಲ್ಲಿ ಆ ಹೊತ್ತಿನಲ್ಲಿ ಪಾರಿವಾಳದ ರಕ್ತ ಹಚ್ಚಲು ಓಡಾಡುವವರು ಇನ್ನೂ ಇದ್ದಾರೆ, ದಯವಿಟ್ಟು ಮೊದಲು ಸ್ಕ್ಯಾನ್ ಇರುವ ದವಾಖಾನೆಗೆ ಹೋಗಿ.

ಈಗ ಪೇಪರಿನ ಎಡ ಅಂಚಿಗೆ ಕೆಂಪು ಟೇಪ್ ಹಚ್ಚಿದ್ದೇವೆ. ಕೆಂಪು ಕಾಣುವ ತನಕ ಕತ್ತು ತಿರುಗಿಸಬೇಕು, ಆಮೇಲೆ ಸಾಲು ಶುರು. ನವಲಗುಂದ ಪೂರ್ತಿ ನವಲಗುಂದ ಆಗಿದೆ. ಓಣಿಯ ಪರೀಕ್ಷೆ ವಾರಕ್ಕೊಮ್ಮೆ ನಡೆಯುತ್ತದೆ. ನಿನ್ನೆ ರಸ್ತೆ ಕಡೆಯಿಂದ ಹೊರಟವರು ಗಿರಣಿ ದಾಟಿ ನಿಂತರು. "ಎಡಕ್ಕ ನೋಡ್ರಿ" ಅಂದೆ. ಬಹಳ ಹೊತ್ತು ಬಿಟ್ಟು "ನಮ್ಮನಿ" ಅಂದರು. ಬಳಿಗಾರರ ಮನೆ ಇನ್ನೂ ಬಂದಿಲ್ಲ.